ಭಾರದ ಮಿಷನ್ನೇ ಬೇಕೆಂದ ನಮ್ಮತ್ತೆ

ಕೆಲಸಕ್ಕೆ ಇಳಿಯುವ ಮೊದಲು ನಮ್ಮತ್ತೆ ಎರಡೂ ಕೈಯ ಹಸಿರು ಬಳೆಗಳನ್ನು ಮುಂಗೈ ಮೇಲಕ್ಕೆ ಬಿಗಿಯಾಗಿ ಏರಿಸಿ, ಹಳೆ ಸೀರೆಯಿಂದ ಹರಿದ ಪಟ್ಟಿ ಸುತ್ತಿ ಗಂಟು ಹಾಕುತ್ತಿದ್ದರು. ಗಂಟಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುವಾಗ ಕುತ್ತಿಗೆಯ ನರ ಉಬ್ಬಿ ನಿಲ್ಲುತ್ತಿತ್ತು. ಕುಳ್ಳಗಿನ ಹೆಂಗಸು, ನನ್ನ ಭುಜದಷ್ಟೂ ಎತ್ತರವಿರಲಿಲ್ಲ. ಆದರೆ ಅವರ ಹೆಗಲು ಮಾತ್ರ ಅಗಲವಾಗಿ, ಒರಳುಕಲ್ಲಿನಂತೆ ಗಟ್ಟಿಯಾಗಿತ್ತು. ಬಳೆ ಬಿಚ್ಚಿಟ್ಟೇ ಕೆಲಸ ಮಾಡಬಾರದೇ ಎಂದು ಯಾರಾದರೂ ಕೇಳಿದರೆ, "ಬಿಚ್ಚಾಕೆ ಒತ್ತು ಬೇಕು, ಆಕ್ಕೊಳಾಕೆ ಒತ್ತು ಬೇಕು. ಅಷ್ಟೊತ್ಗೆ ಎರಡು ಗುಂಡಿ ಆಯ್ತವೆ" ಅನ್ನುತ್ತಿದ್ದರು.

ಗುಂಡಿ ತೋಡುವುದು ಅವರ ಕಸುಬು. ಹೆಮ್ಮಿಗೆಯ ನಮ್ಮ ಬೀದಿಯ ಹೆಂಗಸರ ಗುಂಪೊಂದನ್ನು ಕಟ್ಟಿಕೊಂಡು, ಹಾರೆ ಗುದ್ದಲಿ ಹಿಡಿದು ಸುತ್ತಲಿನ ಊರುಗಳಿಗೆ ಹೋಗುತ್ತಿದ್ದರು. ಬಾಳೆಗೆ, ತೇಗಕ್ಕೆ, ಬೇಲಿ ಕಂಬಕ್ಕೆ, ಯಾವುದಕ್ಕೆ ಎಷ್ಟು ಆಳ ಬೇಕೆಂದರೂ ತೋಡಿಕೊಡುತ್ತಿದ್ದರು. ನಾನು ಆ ಗುಂಪಿನಲ್ಲಿ ಇರಲಿಲ್ಲ. ಸೋಸಲೆಯಿಂದ ಮದುವೆಯಾಗಿ ಬಂದ ಎರಡನೇ ವರ್ಷ ನನಗೆ ಹೊಟ್ಟೆಯ ಆಪರೇಷನ್ ಆಯಿತು. ಕೆಲವು ತಿಂಗಳು ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ನಮ್ಮಮ್ಮ ಅದನ್ನು ಜೀವಮಾನಕ್ಕೆ ಅನ್ವಯಿಸಿ, "ನನ್ನ ಮಗಳ ಕೈಲಿ ಭಾರ ಎತ್ತಿಸ್ಬೇಡಿ" ಎಂದು ಬೀಗಿತ್ತಿಯ ಕೈ ಹಿಡಿದು ಹೇಳಿಹೋದರು. ಅತ್ತೆ ಮಾರನೇ ದಿನದಿಂದ ನಲ್ಲಿ ನೀರನ್ನು ತಾವೇ ಹೊತ್ತರು. ನಾನು ಅಡುಗೆ ಮಾಡಿಕೊಂಡು, ಸೊಂಟ ನೋವಿನ ಮಾವನಿಗೆ ಕಾಫಿ ಕಾಯಿಸಿಕೊಂಡು ಮನೆಯಲ್ಲೇ ಉಳಿದೆ. ಒಳಗೆ ಒಂದು ಹೆದರಿಕೆ ಬೇರು ಬಿಟ್ಟಿತ್ತು. ಅರ್ಧ ಕೊಡ ನೀರು ಎತ್ತುವಾಗಲೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ಹಾಗೇ ವರ್ಷಗಳು ಹೋದವು.

ಅಷ್ಟರಲ್ಲಿ ನಮ್ಮ ಕಡೆ ಪೆಟ್ರೋಲ್ ಹಾಕಿ ಗುಂಡಿ ತೋಡುವ ಮಿಷನ್‌ಗಳು ಬಂದವು. ಮೇಲೆ ಇಂಜಿನ್ನು, ಕೆಳಗೆ ತಿರುಪಿನಂತಹ ಸುರುಳಿ ಅಲಗು. ಹಗ್ಗ ಎಳೆದು ಸ್ಟಾರ್ಟ್ ಮಾಡಿದರೆ ಅಲಗು ತಿರುಗುತ್ತಾ ನೆಲಕ್ಕೆ ಇಳಿಯುತ್ತದೆ. ಹಾರೆಯಲ್ಲಿ ಅರ್ಧ ಗಂಟೆ ಹಿಡಿಯುವ ಕೆಲಸ ಕಣ್ಣೆದುರೇ ಮುಗಿಯುತ್ತದೆ. ಮಿಷನ್ ಹಿಡಿದವರೆಲ್ಲ ಗಂಡಸರೇ. ಹೆಂಗಸರಿಗೆ ಉಳಿದದ್ದು ಹಿಂದೆ ಹಿಂದೆ ಹೋಗಿ ಗಿಡ ಇಟ್ಟು ಮಣ್ಣು ಮುಚ್ಚುವ ಕೆಲಸ, ಅದಕ್ಕೆ ಅರ್ಧ ಕೂಲಿ.

ಒಂದು ದಿನ ಅತ್ತೆ ಕೆಲಸ ಕೇಳಲು ಹೋದಾಗ ಮಿಷನ್ ಗುಂಪಿನ ಮೇಸ್ತ್ರಿ, "ಗಿಡ ಇಡೋಕೆ ಬನ್ನಿ ಸಾಕು. ಮಿಷನ್ ತೂಕ ನಿಮ್ಮ ಕೈಲಾಗಲ್ಲ" ಅಂದನಂತೆ.

"ಎಷ್ಟಪ್ಪಾ ತೂಕ?" ಎಂದು ಅತ್ತೆ ಕೇಳಿದರಂತೆ.

ಅವನಿಗೆ ಗೊತ್ತಿರಲಿಲ್ಲ. ಅತ್ತೆಗೆ ಉರಿದುಹೋಯಿತು. ಮನೆಗೆ ಬಂದವರು ಕಾಲು ಕೂಡ ತೊಳೆಯದೆ ಜಗಲಿ ಮೇಲೆ ಕೂತು, "ಎಷ್ಟು ತೂಕ ಅಂತ್ಲೇ ಗೊತ್ತಿಲ್ಲ. ಆಗಲ್ಲ ಅಂತ ಮಾತ್ರ ಗೊತ್ತು" ಎಂದು ಗೊಣಗಿದರು. ಆ ತಿಂಗಳೇ ತಾವು ಸಾಕಿದ ಎರಡು ಹೋತಗಳನ್ನು ಮಾರಿದರು. "ನಂಜನಗೂಡಿಗೆ ಓಗಿ ಬರಣ ಬಾರವ್ವ" ಎಂದು ನನ್ನನ್ನು ಬಸ್ಸು ಹತ್ತಿಸಿದರು.

ನಂಜನಗೂಡಿನಲ್ಲಿ ಪಂಪ್‌ಸೆಟ್ಟು, ಸ್ಪ್ರೇಯರು ಮಾರುವ ಅಂಗಡಿ. ಅದರ ಹಿಂದಿನ ಶೆಡ್ಡಿನಲ್ಲಿ ಮೂರು ಸೆಕೆಂಡ್ ಹ್ಯಾಂಡ್ ಮಿಷನ್‌ಗಳು ಗೋಡೆಗೆ ಒರಗಿದ್ದವು. ಅಂಗಡಿಯವರು ಹಣೆ ತುಂಬ ವಿಭೂತಿ ಹಚ್ಚಿದ, ನಗುಮುಖದ ಮನುಷ್ಯ.

"ಯಜಮಾನ್ರು ಬರ್ಲಿಲ್ವಾ ತಾಯಿ?"

"ಅವರ್ಗೆ ಸೊಂಟ ನೋವು ಸಾ. ಎತ್ತೋಳು ನಾನು. ತೋರ್ಸಿ."

ಅವರು ಇದ್ದುದರಲ್ಲೇ ಚಿಕ್ಕದನ್ನು ಒಂದು ಕೈಯಲ್ಲಿ ಎತ್ತಿ ಕೊಟ್ಟರು. "ಹೆಂಗಸರಿಗೆ ಇದೇ ಸರಿ. ಮಗು ಎತ್ಕೊಂಡಂಗದೆ ನೋಡಿ."

ಅತ್ತೆ ಎತ್ತಿ, ತೂಗಿ ನೋಡಿದರು. "ಇದ್ರ ಅಲಗೆಲ್ಲಿ?"

"ಅಲಗು ಆಮೇಲೆ ಜೋಡಿಸೋದು."

"ಪೆಟ್ರೋಲು?"

"ಅದೂ ಆಮೇಲೆ ತಾಯಿ."

"ಎಲ್ಲಾ ಆಕಿ ಕೊಡಿ ಸಾ. ಒಲದಲ್ಲಿ ನಿಂತಾಗ ಎಷ್ಟಿರ್ತದೋ ಅಷ್ಟು ತೂಕ ನಂಗೆ ಬೇಕು."

ಅಂಗಡಿಯವರು ಬೇಸರಪಡಲಿಲ್ಲ. ಅವರಿಗೂ ಮೋಜು ಹತ್ತಿತು. ಮೂರು ಹಳೆ ಮಿಷನ್‌ಗಳಿಗೂ ಅಲಗು ಸಿಕ್ಕಿಸಿ, ಎಣ್ಣೆ ಬೆರೆಸಿದ ಪೆಟ್ರೋಲು ತುಂಬಿದರು. ಪಕ್ಕದ ಬೆಲ್ಲದ ಮಂಡಿಯ ತೂಕದ ಕಲ್ಲಿಟ್ಟು ತೂಗುವ ಹಳೆ ಕಾಟಾದ ಮೇಲೆ ಒಂದೊಂದನ್ನೇ ಏರಿಸಿದ್ದಾಯಿತು. ಬೆಲ್ಲ ಕೊಳ್ಳಲು ಬಂದವರೂ ಸುತ್ತ ನಿಂತು ನೋಡಿದರು. ಚಿಕ್ಕದು ಹನ್ನೆರಡು ಕೆಜಿ ಆಸುಪಾಸು ಬಂತು. ನಡುವಿನದು ಹದಿನೆಂಟು. ಮೂರನೆಯದು ಎಲ್ಲಕ್ಕಿಂತ ಹಳೆಯದು, ಬಣ್ಣ ಹೋಗಿ ತುಕ್ಕು ಹಿಡಿದಿತ್ತು. ಅದರ ಎರಡೂ ಬದಿಗೆ ಇಬ್ಬರು ಹಿಡಿಯುವಂತೆ ಉದ್ದನೆಯ ಕಬ್ಬಿಣದ ಹಿಡಿಗಳಿದ್ದವು. ಅದು ಮೂವತ್ತರ ಹತ್ತಿರ ತೂಗಿತು.

"ಅದನ್ನ ಯಾರೂ ಕೇಳಲ್ಲ ಬಿಡಿ, ಆನೆ ಇದ್ದಂಗದೆ" ಅಂದರು ಅಂಗಡಿಯವರು.

ಅತ್ತೆ ಮೂರನ್ನೂ ಅಂಗಡಿಯ ಹಿತ್ತಲಲ್ಲಿ ಓಡಿಸಿ ನೋಡುತ್ತೇನೆಂದು ಹಟ ಹಿಡಿದರು. ಚಿಕ್ಕದು ಮೆತ್ತನೆ ಮಣ್ಣಿನಲ್ಲಿ ಸಲೀಸಾಗಿ ಇಳಿಯಿತು. ಒಳಗೆ ಒಂದು ಕಲ್ಲು ಸಿಕ್ಕಿದ್ದೇ ತಡ, ಅಲಗು ನಿಂತು ಮಿಷನ್ನೇ ಗಿರ್ರನೆ ತಿರುಗಿ ಹಿಡಿ ಅವರ ಮಣಿಕಟ್ಟಿಗೆ ಬಡಿಯಿತು. ಒಂದು ಬಳೆ ಚೂರಾಯಿತು. ನಡುವಿನದೂ ಹಾಗೇ ಎಳೆದಾಡಿತು. ಕೊನೆಗೆ ಅಂಗಡಿಯ ಮೆಕ್ಯಾನಿಕ್ ಒಂದು ಬದಿ, ಅತ್ತೆ ಇನ್ನೊಂದು ಬದಿ ನಿಂತು ಹಳೆಯದನ್ನು ಹಿಡಿದರು. ಹಗ್ಗ ಎಳೆದು ಎಳೆದು ಕೈ ಸೋತ ಮೇಲೆ ಅದು ಹೊಗೆ ಕಾರಿ ಗುಡುಗಿತು. ಯಾರೂ ಒತ್ತಲೇ ಇಲ್ಲ, ತನ್ನ ಭಾರಕ್ಕೆ ತಾನೇ ಇಳಿಯಿತು. ಕಲ್ಲು ಸಿಕ್ಕಾಗ ನರಳಿತು, ಅದುರಿತು, ಆದರೆ ನೆಗೆಯಲಿಲ್ಲ. ಕಲ್ಲನ್ನು ಪಕ್ಕಕ್ಕೆ ಸರಿಸಿಕೊಂಡು ಮುಂದಕ್ಕೆ ಹೋಯಿತು.

ಅತ್ತೆಯ ಮುಖ ಅರಳಿತು. "ಇದೇ ಕೊಡಿ ಸಾ. ಇದ್ರ ಭಾರ ಭೂಮಿ ಮ್ಯಾಲೆ ಬೀಳ್ತದೆ, ನಮ್ಮ ಮ್ಯಾಲಲ್ಲ."

"ಆದ್ರೆ ಇದಕ್ಕೆ ಇಬ್ರು ಬೇಕಲ್ಲ ತಾಯಿ?"

"ಇಬ್ರೇ ಬಂದಿರದು" ಎಂದು ಅತ್ತೆ ನನ್ನ ಕಡೆ ತಿರುಗಿದರು.

ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಅತ್ತೆ, ನಂಗೆ ಭಾರ..." ಎಂದು ತೊದಲಿದೆ.

"ಓದ ವಾರ ನರಸೀಪುರದ ಆಸ್ಪತ್ರೆಗೆ ಕರ್ಕೊಂಡೋಗಿದ್ನಲ್ಲ, ಯಾಕೆ ಅನ್ಕೊಂಡಿದ್ದೆ? ಡಾಕ್ಟ್ರಮ್ಮನ್ನ ಕೇಳ್ದೆ. ಇವಳು ಯಾವತ್ತೋ ಎಲ್ಲ ಕೆಲಸ ಮಾಡ್ಬೋದಿತ್ತು ಅಂದ್ರು." ದನಿ ತಗ್ಗಿಸಿ ಮುಂದುವರಿಸಿದರು. "ನಿಂಗೆ ಬ್ಯಾಡ ಅನ್ಸಿದ್ರೆ ಇಳಿಸ್ಬುಡು ಮಗಾ, ನಾನು ಒಂದ್ಮಾತೂ ಅನ್ನಲ್ಲ. ಎತ್ತಿ ನೋಡ್ದೆ ಮಾತ್ರ ಆಗಲ್ಲ ಅನ್ಬ್ಯಾಡ."

ನಾನು ಬಗ್ಗಿ ಹಿಡಿ ಹಿಡಿದೆ. ಎದುರಿಗೆ ಅವರು ಹಿಡಿದರು. ಇಬ್ಬರೂ ಒಟ್ಟಿಗೆ ಎದ್ದೆವು. ಮಿಷನ್ ನೆಲ ಬಿಟ್ಟಿತು. ಹೊಟ್ಟೆಯಲ್ಲಿ ಏನೂ ಹರಿಯಲಿಲ್ಲ, ಎಲ್ಲೂ ಚುಚ್ಚಲಿಲ್ಲ. ತೋಳಿನಲ್ಲಿ ಭಾರ ಬಂದು ನಿಂತಿತು, ಅಷ್ಟೇ. ನನಗೆ ಅಲ್ಲೇ, ಆ ಹಿತ್ತಲಿನಲ್ಲೇ, ಅಳು ಬಂತು. ಅತ್ತೆ ಅದನ್ನು ನೋಡಿಯೂ ನೋಡದವರಂತೆ, "ಕೈ ಸಡ್ಲ ಬುಡ್ಬ್ಯಾಡ ಕಣವ್ವ, ಕಾಲ್ಮ್ಯಾಲೆ ಬಿದ್ದಾತು" ಅಂದರು.

ಟ್ಯಾಂಕು ಖಾಲಿ ಮಾಡಿ, ಅಲಗು ಬಿಚ್ಚಿ ಗೋಣಿಯಲ್ಲಿ ಸುತ್ತಿ ಬಸ್ಸಿಗೆ ಹತ್ತಿಸಿದೆವು. ಹೆಂಗಸರಿಗೆ ಬಸ್ಸು ಆಗಷ್ಟೇ ಫ್ರೀ ಆಗಿತ್ತು. ಕಂಡಕ್ಟರು, "ನಿಮಗೆ ಫ್ರೀ ಕಣಮ್ಮ, ಇದಕ್ಕೆ ಲಗೇಜ್ ಟಿಕೆಟ್ ತಗೋಬೇಕು" ಎಂದ. "ಇದೂ ಎಂಗ್ಸೇ ಕಣಪ್ಪ, ನಮ್ಮನೇಲಿ ದುಡಿಯೋಕೆ ಬತ್ತಾ ಅದೆ" ಅಂದರು ಅತ್ತೆ. ಬಸ್ಸೆಲ್ಲ ನಕ್ಕಿತು. ಲಗೇಜ್ ಟಿಕೆಟ್ ಮಾತ್ರ ಅವನು ಹರಿದೇ ಕೊಟ್ಟ.

ಊರಿನಲ್ಲಿ ನಗುವವರು ಇನ್ನೂ ಹೆಚ್ಚು ಜನರಿದ್ದರು. ಮಿಷನ್ನಿನ ನಡುವೆ ಬಿದಿರು ತೂರಿಸಿ ಇಬ್ಬರೂ ಹೆಗಲು ಕೊಟ್ಟು ಹೊಲಕ್ಕೆ ಹೊರುತ್ತಿದ್ದೆವು. "ಯಾವ ದೇವರ ಉತ್ಸವ ಕಣ್ರಮ್ಮೋ?" ಎಂದು ಟೀ ಅಂಗಡಿಯ ಮುಂದಿನವರು ಕೂಗುತ್ತಿದ್ದರು. "ಮಂಗಳಾರತಿ ತಟ್ಟೆ ಇಂದೆ ಬತ್ತದೆ, ಕಾಸು ರೆಡಿ ಮಾಡ್ಕೊಳಿ" ಎಂದು ಅತ್ತೆ ನಿಲ್ಲದೆ ಹೇಳಿ ಮುಂದೆ ಹೋಗುತ್ತಿದ್ದರು. ನಮ್ಮದೇ ತುಂಡು ಹೊಲದಲ್ಲಿ ಕಲಿತೆವು. ಮೊದಮೊದಲು ಗುಂಡಿಗಳು ವಾಲಿದವು. ಆಮೇಲೆ ನೇರವಾದವು. ಕಲ್ಲು ಸಿಕ್ಕರೆ ಅತ್ತೆ "ಬುಡು!" ಅನ್ನುತ್ತಿದ್ದರು, ನಾನು ಆಕ್ಸಿಲೇಟರ್ ಬಿಡುತ್ತಿದ್ದೆ. ಕೆಲವು ವಾರಗಳಲ್ಲಿ ಆ ಮಾತೂ ಬೇಕಾಗಲಿಲ್ಲ. ಎದುರಿನ ಹಿಡಿಯ ನಡುಕದಲ್ಲೇ ಅವರ ಮನಸ್ಸು ನನಗೆ ತಿಳಿಯುತ್ತಿತ್ತು.

ಸಣ್ಣಪುಟ್ಟ ಕೆಲಸ ಸಿಕ್ಕಿದವು. ದೊಡ್ಡ ಜಮೀನಿನವರು ಮಾತ್ರ ಕರೆಯಲಿಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ನಂಜನಗೂಡಿನ ಅಂಗಡಿಯವರ ಫೋನು ಬಂತು. ಕಪಿಲಾ ನದಿಯ ಆಚೆ ಒಬ್ಬ ಯಜಮಾನರು ರಸಬಾಳೆ ಹಾಕಲು ಹೊರಟಿದ್ದರು. ಒಳ್ಳೆಯ ರಸಬಾಳೆ ಕಂದು, ಅಂದರೆ ಬುಡದಿಂದ ಕಿತ್ತು ನೆಡುವ ಮರಿ, ಸಿಗುವುದೇ ಕಷ್ಟ. ಹತ್ತಾರು ಕಡೆ ಅಲೆದು ತರಿಸಿದ ಕಂದುಗಳು ಮರದ ನೆರಳಲ್ಲಿ ರಾಶಿ ಬಿದ್ದಿದ್ದವು. ಗುಂಡಿ ತೋಡಲು ಬಂದ ಗಂಡಸರ ಗುಂಪು ಜಮೀನಿನ ಕೆಳಗಿನ ತಾಕು ಮುಗಿಸಿತ್ತು. ಮೇಲಿನ ತಾಕು ಕಲ್ಲುಹರಳು ತುಂಬಿದ ಗರಸು ನೆಲ. ಅವರ ಹಗುರದ ಮಿಷನ್‌ಗಳು ಹೆಜ್ಜೆಗೊಮ್ಮೆ ನೆಗೆದು, ಒಬ್ಬನ ಕೈ ಊದಿ, ಒಂದು ಮಿಷನ್ನಿನ ಗೇರ್ ಮುರಿದು, ಅವರು ಗಂಟುಮೂಟೆ ಕಟ್ಟಿದ್ದರು. ಕಂದು ಒಣಗಲು ಶುರುವಾಗಿತ್ತು.

ಗೂಡ್ಸ್ ಆಟೋದಲ್ಲಿ ಮಿಷನ್ ಹಾಕಿಕೊಂಡು, ಬೀದಿಯ ಹೆಂಗಸರನ್ನೆಲ್ಲ ಕೂರಿಸಿಕೊಂಡು ಮಾರನೇ ಬೆಳಿಗ್ಗೆಯೇ ಹೋದೆವು. ಯಜಮಾನರು ನಮ್ಮನ್ನು ನೋಡಿ ಪೆಚ್ಚಾದರು. "ಗಂಡಾಳು ಎಲ್ಲಮ್ಮ?"

"ಬಂದು ಓದ್ರಲ್ಲ ಸಾ" ಅಂದರು ಅತ್ತೆ.

ಯಜಮಾನರಿಗೆ ನಗು ತಡೆಯಲಾಗಲಿಲ್ಲ. "ಸರಿ ಕಣವ್ವ, ಶುರು ಮಾಡಿ."

"ಮಿಷನ್ ಹಿಡಿದೋರಿಗೆ ಅವರ್ಗೆ ಕೊಟ್ಟ ಕೂಲಿನೇ ನಮ್ಗೂ. ಗಿಡ ಇಡೋ ನಮ್ಮೆಂಗಸ್ರಿಗೂ ಅರ್ಧ ಅಲ್ಲ, ಪೂರ್ತಿ. ಒಪ್ಪಿದ್ರೆ ಹಗ್ಗ ಎಳೀತೀವಿ."

ಅವರು ಕಂದಿನ ರಾಶಿಯ ಕಡೆ ನೋಡಿದರು. ಒಪ್ಪಿದರು.

ಆ ನೆಲವನ್ನು ನಾನು ಮರೆಯುವ ಹಾಗಿಲ್ಲ. ಅಲಗು ಗರಸಿಗೆ ತಾಗಿ ಕಿರುಗುಟ್ಟುವ ಸದ್ದು ಹಲ್ಲಿನವರೆಗೆ ಬರುತ್ತಿತ್ತು. ಆದರೂ ನಮ್ಮ ಆನೆ ಇಳಿಯಿತು. ನಾವು ತೋಡುತ್ತಾ ಹೋದಂತೆ ಹಿಂದಿನಿಂದ ಹೆಂಗಸರು ಗೊಬ್ಬರ ಹಾಕಿ ಕಂದು ಇಟ್ಟು ಮಣ್ಣು ತುಳಿದರು. ಮಧ್ಯಾಹ್ನದ ಬಿಸಿಲಿಗೆ ಇಂಜಿನ್ ಕಾದು ನಿಂತುಹೋಯಿತು. ಅದು ಆರುವವರೆಗೆ ಮುದ್ದೆ ಉಂಡು, ಮತ್ತೆ ಹಗ್ಗ ಎಳೆದೆವು. ಎರಡನೆಯ ದಿನ ಹೊತ್ತು ಇಳಿಯುವಾಗ ಚಾಮುಂಡಿ ಬೆಟ್ಟದ ದಿಕ್ಕಿನಲ್ಲಿ ಮೋಡ ಕಪ್ಪಾಯಿತು. ಇನ್ನೂ ಕೊನೆಯ ಸಾಲುಗಳಿದ್ದವು. ಅತ್ತೆಯ ಅಂಗೈ ಬೊಬ್ಬೆ ಒಡೆದು ಹಿಡಿಗೆ ರಕ್ತ ಮೆತ್ತಿತ್ತು.

"ಅತ್ತೆ, ನೀವು ಕೂತ್ಕೊಳಿ, ಬೇರೆಯವರನ್ನ ಕರೀತೀನಿ" ಅಂದೆ.

"ನೀನು ಬುಡ್ತೀಯಾ?"

"ಇಲ್ಲ."

"ಮತ್ತೆ?"

ಅಷ್ಟೇ ಮಾತು. ಕೊನೆಯ ಗುಂಡಿಯಿಂದ ಅಲಗು ಮೇಲೆ ಬಂದಾಗ ಮೊದಲ ಹನಿ ಬಿತ್ತು. ಕೊನೆಯ ಕಂದನ್ನು ಯಜಮಾನರೇ ಇಟ್ಟು ಮಣ್ಣು ತುಳಿದರು. ಮಳೆ ಜೋರಾಯಿತು. ಯಾರೂ ಮರದಡಿಗೆ ಓಡಲಿಲ್ಲ. ನಮ್ಮ ಹೆಂಗಸರು ಆ ತಾಕಿನ ತುಂಬ ನೆನೆಯುತ್ತಾ ನಿಂತು ಕೇಕೆ ಹಾಕಿದರು. ನಾನೂ ಹಾಕಿದೆ. ನನ್ನ ಗಂಟಲಿನಲ್ಲಿ ಅಂಥ ದನಿ ಇದೆಯೆಂದು ಅವತ್ತೇ ನನಗೆ ಗೊತ್ತಾದದ್ದು. ಅತ್ತೆ ಮಾತ್ರ ಮಿಷನ್ನಿನ ಇಂಜಿನ್ ಮೇಲೆ ತಮ್ಮ ಸೆರಗು ಹೊದಿಸಿ, ಅದನ್ನು ತಬ್ಬಿಕೊಂಡು ನಿಂತು ನಗುತ್ತಿದ್ದರು.

ಆ ಬಾಳೆ ಗೊನೆ ಬಿಟ್ಟಾಗ ಯಜಮಾನರು ಒಂದು ಗೊನೆಯನ್ನು ತಾವೇ ಹೆಮ್ಮಿಗೆಗೆ ಹೊತ್ತು ತಂದರು. ನಮ್ಮ ಜಗಲಿಯ ಮೇಲೆ ಕೂತು ಕಾಫಿ ಕುಡಿದರು. ಅತ್ತೆ ಬೀದಿಯ ಒಬ್ಬೊಬ್ಬ ಹೆಂಗಸನ್ನೂ ಕರೆದು ಹಣ್ಣು ಕೊಟ್ಟರು. ನೋಡಲು ಬಂದಿದ್ದ ನಮ್ಮಮ್ಮನ ಕೈಗೂ ಒಂದು ಚಿಪ್ಪು ಇಟ್ಟು, "ನಿನ್ನ ಮಗಳು ತೋಡಿದ್ದು ಕಣವ್ವ, ತಿನ್ನು" ಅಂದರು. ನಮ್ಮಮ್ಮ ನನ್ನ ತೋಳನ್ನು ಮುಟ್ಟಿ ಮುಟ್ಟಿ ನೋಡಿದರು.

ಆಮೇಲೆ ಕೆಲಸ ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಅರ್ಧ ಕೂಲಿಯ ಮಾತನ್ನು ನಮ್ಮ ಗುಂಪಿನ ಮುಂದೆ ಯಾರೂ ಎತ್ತಲಿಲ್ಲ. ಸೋಮನಾಥಪುರದ ಹತ್ತಿರ ಬೇಲಿ ಕಂಬದ ಕೆಲಸ ಹಿಡಿದಾಗ ಅತ್ತೆಗೆ ಉಸಿರು ಕಟ್ಟತೊಡಗಿತ್ತು. ಎದುರಿನ ಹಿಡಿಯನ್ನು ಪಕ್ಕದ ಮನೆಯ ಸೊಸೆಗೆ ಕೊಟ್ಟು ತಾವು ಬದುವಿನ ಮೇಲೆ ಕೂತರು. ಇಡೀ ದಿನ ಒಂದು ಸಲಹೆಯನ್ನೂ ಕೊಡಲಿಲ್ಲ. ಅವರಿಗೆ ಅದು ಮಿಷನ್ ಎತ್ತುವುದಕ್ಕಿಂತ ಕಷ್ಟದ ಕೆಲಸವಾಗಿದ್ದಿರಬೇಕು. ಸಂಜೆ ಹೊರಡುವಾಗ, "ಇವತ್ತಿನ ಕೂಲಿ ನಂಗೆ ಬ್ಯಾಡ. ನಾನು ಇವತ್ತು ಸಿನಿಮಾ ನೋಡ್ದಂಗೆ ನೋಡ್ಬುಟ್ಟೆ" ಅಂದರು. ಕಣ್ಣು ಹೊಳೆಯುತ್ತಿತ್ತು.

ಹೋದ ಚಳಿಗಾಲದಲ್ಲಿ, ಒಂದು ಬೆಳಿಗ್ಗೆ, ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಅತ್ತೆ ಹೋಗಿಬಿಟ್ಟರು. ಆಸ್ಪತ್ರೆ ಸೇರಲಿಲ್ಲ, ಯಾರಿಂದಲೂ ಎತ್ತಿಸಿಕೊಳ್ಳಲಿಲ್ಲ. ನನಗೆ ಹೆತ್ತ ತಾಯಿ ಜೀವ ಕೊಟ್ಟರು. ಆ ಜೀವದಲ್ಲಿ ಎಷ್ಟು ಬಲವಿದೆ ಎಂದು ತೂಗಿ ತೋರಿಸಿದವರು ಇವರು. ಆ ಋಣವನ್ನು ತೀರಿಸುವ ಆಸೆಯೂ ನನಗಿಲ್ಲ, ಇರಲಿ ಅನ್ನಿಸುತ್ತದೆ.

ಈಗ ನಮ್ಮ ಗುಂಪಿನಲ್ಲಿ ಮೂರು ಮಿಷನ್‌ಗಳಿವೆ, ಮೂರನ್ನೂ ಹಿಡಿಯುವವರು ಹೆಂಗಸರೇ. ಗುರುತಿಲ್ಲದ ಊರುಗಳಿಂದ ಫೋನು ಬರುತ್ತದೆ. "ಅತ್ತೆ-ಸೊಸೆ ಮಿಷನ್‌ನೋರಾ? ನಮ್ಮದು ಗಟ್ಟಿ ನೆಲ ಕಣಮ್ಮ, ಆಯ್ತದಾ?" ಎಂದು ಕೇಳುತ್ತಾರೆ. ಅತ್ತೆ ಇಲ್ಲ ಎಂದು ನಾನು ಯಾರಿಗೂ ಹೇಳಿಲ್ಲ.

"ಹೂ ಕಣಣ್ಣ, ಅತ್ತೆ-ಸೊಸೆ ಮಿಷನ್‌ನೋರೇ" ಅನ್ನುತ್ತೇನೆ. "ನಾಳೆ ಬೆಳಿಗ್ಗೆಗೇ ಬತ್ತೀವಿ."