ಗಣಪನಿಗೆ ಬಂದ ಸ್ಟೇ

ಆಗ ನನಗೆ ಮೂವತ್ತು ದಾಟಿತ್ತು. ನಲವತ್ತು ವರ್ಷದ ಹಿಂದಿನ ಮಾತು. ಬರೆಯೋಕೆ ನನಗೆ ಬರೋದು ಅಷ್ಟಕ್ಕಷ್ಟೆ. ಏಟು ಮಾತ್ರ ಒಂದೂ ಮರೆತಿಲ್ಲ.

ಹೊನ್ನವಳ್ಳಿ ಕಡೆ ನಮ್ಮೂರು. ಆ ವರ್ಷ ಪಂಚಾಯ್ತಿಯವರು ಪಂಚಾಯ್ತಿ ದುಡ್ಡಲ್ಲೇ ಚಪ್ಪರ, ಸೀರಿಯಲ್ ಲೈಟು ಹಾಕಿಸಿ ಆಫೀಸಿನ ಜಗಲಿ ಮೇಲೆ ಗಣಪತಿ ಕೂರಿಸಿದರು. ಬೋರಿಂಗು ಕೆಟ್ಟು ನಾವು ಹೆಂಗಸರು ತೋಟದ ಬಾವಿಗೆ ಅಲೀತಿದ್ದೆವು. "ರಿಪೇರಿಗೆ ಇಲ್ಲದ ದುಡ್ಡು ಗಣಪ್ಪಂಗೆಲ್ಲಿಂದ ಬಂತು? ಅದು ಎಲ್ಲಾ ಜಾತಿಯೋರ ಕಂದಾಯ" ಅಂತ ನನ್ನ ಗಂಡ ತಿಪಟೂರಲ್ಲಿ ಲಾಯರು ಹಿಡಿದು ಕೇಸು ಹಾಕಿದ. ಗಣಪನ್ನ ಕೆರೆಗೆ ಬಿಡೋ ಹಿಂದಿನ ದಿನ ಕೋರ್ಟಿಂದ ಸ್ಟೇ ಬಂತು. ಪಂಚಾಯ್ತಿ ದುಡ್ಡು ಇನ್ನು ಮುಟ್ಟಬಾರದು ಅಂತ, ಅಷ್ಟೆ.

ಎಸ್ಸೆಸ್ಸೆಲ್ಸಿ ಫೇಲಾದ ಒಬ್ಬ ಊರಿಗೆಲ್ಲ ಅರ್ಥ ಹೇಳಿದ: "ಸ್ಟೇ ಅಂದ್ರೆ ಇಂಗ್ಲೀಷಲ್ಲಿ 'ಇರು' ಅಂತ ಕಣ್ರಪ್ಪ. ಗಣಪ ಇದ್ದಲ್ಲೇ ಇರಬೇಕು. ಮುಟ್ಟಿದ್ರೆ ಜೈಲು!"

ಕೂರಿಸಿದ ಗಣಪನ್ನ ನೀರಿಗೆ ಬಿಡದಿದ್ದರೆ ಊರಿಗೆ ಕೇಡು ಅಂತ ಎಲ್ಲರ ಭಯ. ಬಿಡೋ ದಿನ ಹೊತ್ತು ಇಳಿದರೂ ಯಾರೂ ಮುಟ್ಟಲಿಲ್ಲ. ಊರಿನ ಒಂದಷ್ಟು ಗಂಡಸರು ತೆಂಗಿನ ಗರಿ ಬುಡದ ಹೆಡೆಮಟ್ಟೆ ಹಿಡಕೊಂಡು ನಮ್ಮ ಅಂಗಳಕ್ಕೆ ನುಗ್ಗಿದರು. ನನ್ನ ಗಂಡ ಕಾಯಿ ಸುಲೀತಿದ್ದ.

"ದ್ಯಾವ್ರಿಗೇ ಸ್ಟೇ ತಂದ್ಯೇನ್ಲಾ?" ಅಂದ ಮುಂದೆ ನಿಂತಿದ್ದ ಪಂಚಾಯ್ತಿ ಚೇರ್ಮನ್ ತಮ್ಮ.

"ಸ್ಟೇ ದುಡ್ಡಿಗೆ ಕಣ್ಲಾ, ದ್ಯಾವ್ರಿಗಲ್ಲ. ಎತ್ಕಂಡೋಗಿ ಬುಡ್ರಿ, ಯಾರು ಬ್ಯಾಡಂದ್ರು?"

"ನಮ್ಮುನ್ನ ಜೈಲಿಗೆ ಕಳ್ಸಕ್ಕೆ ನೋಡ್ತೀಯಾ?"

ಮೊದಲನೇ ಏಟಿಗೆ ನನ್ನ ಗಂಡನ ಮೊಣಕೈ ಮುರೀತು. ಆ ಸದ್ದು ನನಗೆ ಕೇಳಿಸ್ತು. ಬಿದ್ದವನ ಬೆನ್ನ ಮೇಲೆ ತುಳಿದರು. ಕೂದಲು ಹಿಡಿದೆತ್ತಿ, ಕಾಯಿ ಸುಲಿಯೋಕೆ ನೆಟ್ಟಿದ್ದ ಹಾರೆ ಮೊನೆಗೆ ಮುಖ ಬಗ್ಗಿಸಿದರು.

"ಕೇಸು ವಾಪಸ್ ತಗತೀನಿ ಅನ್ಲಾ."

"ಇಲ್ಲ."

ಇನ್ನೂ ಒತ್ತಿದರು. ಕೆನ್ನೆ ಸೀಳಿ ಒಳಗಿನ ಹಲ್ಲು ಕಾಣಿಸ್ತು. ನಾನು ಸುಲಿದ ಕಾಯಿ ಎತ್ತಿ ಚೇರ್ಮನ್ ತಮ್ಮನ ಬಾಯಿಗೆ ಹೊಡೆದೆ. ಅವನ ಹಲ್ಲೂ ಉದುರಿತು. ಇನ್ನೊಬ್ಬ ನನ್ನ ಹೊಟ್ಟೆಗೆ ಒದ್ದ. ಅಲ್ಲೇ ಕೂತುಬಿಟ್ಟೆ.

"ನಾಳೆನೂ ಗಣಪ ಅಲ್ಲೇ ಇದ್ರೆ ನಿಮ್ಮನೆಗೆ ಬೆಂಕಿ ಇಡ್ತೀವಿ" ಅಂತ ಚೇರ್ಮನ್ ತಮ್ಮ ರಕ್ತ ಉಗುಳಿಕೊಂಡು ಹೋದ.

ಆಸ್ಪತ್ರೆಗೆ ಗಾಡಿ ಕಟ್ಟೋರು ಒಬ್ಬರೂ ಇಲ್ಲ. ಅರಿಶಿನ ಮೆತ್ತಿ ಸೆರಗು ಹರಿದು ಕಟ್ಟಿದೆ. ಸೀಳಿದ ಕೆನ್ನೆಯಲ್ಲೇ ಅವನು "ಕೇಸು ಬುಡಲ್ಲ" ಅಂದ. "ಬುಡಬ್ಯಾಡ, ಸುಮ್ಮನೆ ಮನೀಕೋ" ಅಂದೆ.

ಬೆಳಗ್ಗೆ ಎದ್ದು ಕಾಯಿ ಹೊರೋ ಮಂಕರಿ ತಗೊಂಡು ಪಂಚಾಯ್ತಿ ಆಫೀಸಿಗೆ ಹೋದೆ. ಕೂಸಿನಷ್ಟು ದೊಡ್ಡ ಮಣ್ಣಿನ ಗಣಪ. ತಬ್ಬಿ ಎತ್ತಿ ಮಂಕರಿಗೆ ಇಟ್ಟೆ.

ಬಾಯಿಗೆ ಬಟ್ಟೆ ಒತ್ತಿಕೊಂಡಿದ್ದ ಚೇರ್ಮನ್ ತಮ್ಮ ಕೂಗಿದ: "ಏಯ್, ಜೈಲಿಗೋಗ್ತೀಯ ಕಣೇ!"

"ಹೋಗ್ತೀನಿ ಬುಡು. ಅಲ್ಲಾದ್ರೂ ನಲ್ಲೀಲಿ ನೀರು ಬತ್ತದೆ."

ತಲೆ ಮೇಲೆ ಹೊತ್ತುಕೊಂಡು ಕೆರೆಗೆ ಹೋಗಿ, ಸೊಂಟದ ಮಟ್ಟ ನೀರಿಗೆ ಇಳಿದು ಮುಳುಗಿಸಿದೆ. ಊರೆಲ್ಲ ಏರಿ ಮೇಲೆ ನಿಂತು ನೋಡ್ತಿತ್ತು. ಮಂಕರಿ ತೊಳೆದುಕೊಂಡು ಅವರ ಮಧ್ಯದಲ್ಲೇ ಹಾದು ಮನೆಗೆ ಬಂದೆ.