ಇರಿಡಿಯಂ ಪುಡಿಯ ಮೀಸಲು

ಮಣ್ಣೂರಿನ ದೇವಿಂದ್ರಪ್ಪನ ಮನೆಗೆ ಏನೇ ಬಂದರೂ ಅದರ ಮೊದಲ ಪಾಲು ಮನೆದೇವರು ಮೈಲಾರಲಿಂಗನಿಗೆ. ಹೊಸ ಜೋಳದ ಮೊದಲ ಸೇರು, ಈದ ಎಮ್ಮೆಯ ಮೊದಲ ಹಾಲು, ಸಂತೆಯಿಂದ ತಂದ ಚಹಾಪುಡಿ ಕೂಡ. ಒಮ್ಮೆ ಕೆಮ್ಮಿನ ಔಷಧಿ ತಂದಾಗಲೂ ಒಂದು ಚಮಚ ದೇವರ ಜಗಲಿಗೆ ಸುರಿದಿದ್ದ. ದೇವರಿಗೆ ಮುತ್ತಿದ ಇರುವೆ ಬಿಡಿಸಲು ಹೆಂಡತಿ ಬಾಳಮ್ಮನಿಗೆ ಅರ್ಧ ದಿನ ಹಿಡಿಯಿತು. ಇದನ್ನು ಅವನು ಮೀಸಲು ಎನ್ನುತ್ತಿದ್ದ. ಬಾಳಮ್ಮ ಏನೆನ್ನುತ್ತಿದ್ದಳೋ ಅದನ್ನು ಇಲ್ಲಿ ಬರೆಯುವುದು ಬೇಡ.

ಅವನದು ಇನ್ನೊಂದು ನೇಮವಿತ್ತು. ಭಂಡಾರವನ್ನು, ಅಂದರೆ ದೇವರ ಅರಿಶಿನಪುಡಿಯನ್ನು, ಹಣೆಗೆ ಹಚ್ಚಿದ ಮೇಲೆ ಕೈಯಾರೆ ಒರೆಸುವಂತಿಲ್ಲ, ತಾನಾಗಿ ಉದುರಬೇಕು. ಭಾನುವಾರ ಮೈಲಾರಲಿಂಗನ ವಾರ. ಅಂದು ಅಂಗಳಕ್ಕೆ ಬಂದವರ ಹಣೆಗೆಲ್ಲ ಅವನೇ ಭಂಡಾರ ಬಳಿಯುತ್ತಿದ್ದ. ಒರೆಸಿಕೊಂಡು ಸಿಕ್ಕಿಬಿದ್ದವನಿಗೆ ಮುಂದಿನ ವಾರ ಚಹಾ ಇಲ್ಲ.

ಇಂಥವನ ಮಗಳು ರೇವಮ್ಮ ರಸಾಯನಶಾಸ್ತ್ರ ಓದಿ ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಬೆಳಕು ಕೊಡುವ ಪುಡಿಗಳ ಸಂಶೋಧನೆಗೆ ಸೇರಿದ್ದಳು. ೧೯೯೯ರ ಚಳಿಗಾಲದ ಒಂದು ಶನಿವಾರ ಪುಣೆಗೆ ಹೋಗುವ ದಾರಿಯಲ್ಲಿ ಊರಿಗೆ ಬಂದಳು. ಚೀಲದಲ್ಲಿ ಹೆಬ್ಬೆರಳು ಗಾತ್ರದ ಗಾಜಿನ ಸೀಸೆ, ಅದರ ತಳದಲ್ಲಿ ಒಂದಿಷ್ಟು ಹಳದಿ ಪುಡಿ.

"ಇದರಾಗ ಇರಿಡಿಯಂ ಅಂತ ಒಂದು ಧಾತು ಅದಪ್ಪ," ಎಂದು ರೇವಮ್ಮ ತಿಳಿಸಿ ಹೇಳಿದಳು. "ಒಲಿಯ ಮೂರು ಗುಂಡು ಗಡಿಗಿ ಹಿಡಿದಂಗ, ಸುತ್ತ ಮೂರು ಅಣು ಕುಂತು ಅದನ್ನ ಹಿಡಕೊಂಡಾವ. ಗುಂಡು ಬದಲ್ ಮಾಡಿದ್ರ ಬೆಳಕಿನ ಬಣ್ಣಾನೂ ಬದಲಾಗ್ತದ. ಎರಡು ವರ್ಷದಿಂದ ಗುಂಡು ಬದಲ್ ಮಾಡಾಕತ್ತೇನಿ. ಹಿಂದಿನ ಪುಡಿಯೊಳಗ ನಾಕಾಣೆ ಬೆಳಕಾದ್ರ ಹನ್ನೆರಡಾಣೆ ಹಾಳಾಗ್ತಿತ್ತು. ಇದರಾಗ ಹದಿನಾರಾಣೆನೂ ಬೆಳಕಾಗಬಹುದು."

"ನಮ್ಮೂರಿಗೆ ಆ ನಾಕಾಣೆ ಕರೆಂಟರ ಬರ್ಲಿ ಮೊದಲ," ಎಂದಳು ಬಾಳಮ್ಮ, ಕಂದೀಲಿನ ಬತ್ತಿ ಏರಿಸುತ್ತ.

ಆ ಪುಡಿಯಿಂದ ದೀಪ ಮಾಡಿ ನೋಡುವ ಯಂತ್ರ ಪುಣೆಯಲ್ಲಿತ್ತು. ಆ ವಾರ ಅದು ರೇವಮ್ಮನ ಪಾಲಿಗೆ ಬಂದಿತ್ತು. ತಪ್ಪಿದರೆ ಮತ್ತೆ ಯಾವಾಗಲೋ. ಎರಡು ವರ್ಷದ ದುಡಿಮೆಯೆಲ್ಲ ಆ ಸೀಸೆಯೊಳಗಿತ್ತು. ದೇವಿಂದ್ರಪ್ಪ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಜಗಲಿಯ ಮೇಲಿಟ್ಟ.

ಭಾನುವಾರ ಬೆಳಿಗ್ಗೆ ಮಗಳು ಏಳುವ ಮೊದಲೇ ಸ್ನಾನ ಮಾಡಿ ಬಂದವನಿಗೆ ಚಿಂತೆ ಹತ್ತಿಕೊಂಡಿತು. ಇಷ್ಟು ದೊಡ್ಡ ಕೆಲಸ, ಇನ್ನೂ ಮೀಸಲು ತೆಗೆದಿಲ್ಲ. ಒಂದೇ ಒಂದು ಚಿಟಿಕೆ ತೆಗೆಯೋಣವೆಂದು ಸೀಸೆಯನ್ನು ಭಂಡಾರದ ತಟ್ಟೆಯ ಮೇಲೆ ವಾಲಿಸಿದ. ಬೀಳಲಿಲ್ಲ. ತಳಕ್ಕೆ ಒಂದು ತಟ್ಟು ಕೊಟ್ಟ. ಪುಡಿಯಷ್ಟೂ ಸುರಿದುಹೋಯಿತು. ದೇವರು ಒಂದಿಷ್ಟು ಹೆಚ್ಚೇ ತಗೊಂಡ ಎಂದುಕೊಂಡು ಬಂದವರ ಹಣೆಗೆ ಬಳಿಯಲು ಕೂತ.

ರೇವಮ್ಮ ಎದ್ದು ಬರಿದಾದ ಸೀಸೆ ನೋಡಿದಳು, ತಟ್ಟೆ ನೋಡಿದಳು, ಅಪ್ಪನ ಹಣೆ ನೋಡಿದಳು. ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತುಬಿಟ್ಟಳು. ಬೈದಿದ್ದರೆ ದೇವಿಂದ್ರಪ್ಪ ಹೇಗೋ ತಡೆದುಕೊಳ್ಳುತ್ತಿದ್ದ.

ಬಾಳಮ್ಮನೇ ಎಬ್ಬಿಸಿದಳು. "ಹಣಿ ಎಲ್ಲಿ ಹೋಗ್ತಾವ, ಊರಾಗೇ ಅದಾವ. ಏಳವ್ವಾ."

ಅಪ್ಪ ಅವ್ವನಿಗೆ ತೋರಿಸಲೆಂದು ರೇವಮ್ಮ ಒಂದು ಕೈದೀಪ ತಂದಿದ್ದಳು. ಅದರ ನೇರಳೆ ಬೆಳಕಿಗೆ ಅರಿಶಿನ ಮಂಕು ಹಳದಿಯಾಗಿ ಕಂಡರೆ ಅವಳ ಪುಡಿ ಗಿಳಿಹಸಿರಾಗಿ ಉರಿಯುತ್ತದೆ. ತಟ್ಟೆಯಲ್ಲಿ ಉಳಿದದ್ದನ್ನು ಕೆರೆದಿಟ್ಟರೂ ಅರ್ಧಕ್ಕರ್ಧ ಹಣೆಗಳ ಮೇಲಿತ್ತು. ಕಿಟಕಿಯಿಲ್ಲದ ಜೋಳದ ಕೋಣೆಗೆ ಮಂದಿಯನ್ನು ಕರೆದು ದೀಪ ಹಿಡಿದರು. ಬಾಳಮ್ಮ ಕನ್ನಡಿ ಹಿಡಿದಳು. ಮೊದಲು ಬಂದ ನೆರೆಮನೆಯ ಸೈದಪ್ಪನ ಹಣೆ ಹಸಿರಾಗಿ ಹೊಳೆಯಿತು. ರೇವಮ್ಮ ಹತ್ತಿ ತೆಗೆದಳು. ಸೈದಪ್ಪ ಹಿಂದೆ ಸರಿದ.

"ಒರಸಂಗಿಲ್ಲವ್ವಾ. ಮೈಲಾರಲಿಂಗ ನನ್ನ ಹಣ್ಯಾಗ ಬೆಳಗಾಕತ್ಯಾನ. ಮೂವತ್ತು ವರ್ಷ ನಿಮ್ಮಪ್ಪನ ಬಾಯಿಗಿ ಅಂಜಿ ಒರಸಿಲ್ಲ, ಇವತ್ತು ಒರಸ್ಲೇನು?"

ಬಾಗಿಲಲ್ಲಿ ನಿಂತವರೂ ಹೌದ್ರಿ ಹೌದ್ರಿ ಎಂದು ಹಣೆ ಮುಚ್ಚಿಕೊಂಡರು. ಹಣೆ ಹೊಳೆಯದ ಒಬ್ಬಳಂತೂ ತನ್ನದನ್ನು ಮತ್ತೊಮ್ಮೆ ನೋಡಬೇಕೆಂದು ಹಟ ಹಿಡಿದಳು. ಕಡೆಗೆ ಎಲ್ಲರ ಕಣ್ಣೂ ದೇವಿಂದ್ರಪ್ಪನ ಮೇಲೆ ಬಿತ್ತು.

ಅವನು ಕನ್ನಡಿಯೆದುರು ಬಂದು ಕೂತ. ಕತ್ತಲಲ್ಲಿ ಅವನ ಹಣೆಯ ಮೇಲೆ ಮೂರು ಬೆರಳಿನ ಹಸಿರು ಎಳೆಗಳು ಎದ್ದವು. ಮಗಳು ಏನು ಮಾಡುತ್ತಾಳೆಂದು ಊರಿಗೆಲ್ಲ ಸಾರಿಕೊಂಡು ಬಂದವನು ಅದನ್ನು ಕಣ್ಣಾರೆ ಕಂಡದ್ದು ಆಗಲೇ. ಸಾಯುವತನಕ ಹಾಗೇ ಇಟ್ಟುಕೊಳ್ಳೋಣ ಅನಿಸಿತು. ಪಕ್ಕದಲ್ಲಿ ರೇವಮ್ಮ ಒಂದು ಕೈಯಲ್ಲಿ ದೀಪ, ಇನ್ನೊಂದರಲ್ಲಿ ಹತ್ತಿ ಹಿಡಿದು ಕಾದಿದ್ದಳು.

"ಕೊಡು ಇತ್ತ," ಎಂದು ಹತ್ತಿ ಇಸಿದುಕೊಂಡು, ಚರ್ಮ ಕೆಂಪಾಗುವವರೆಗೆ ತಾನೇ ಒರೆಸಿದ. ಅದನ್ನು ಕಂಡ ಸೈದಪ್ಪ ಹಣೆ ಮುಂದೆ ಚಾಚಿದ. ಅವನ ಹಿಂದೆ ಉಳಿದವರೂ ಬಂದರು.

ಪುಣೆಯಲ್ಲಿ ಆ ಹತ್ತಿಯನ್ನೂ ತಟ್ಟೆಯಿಂದ ಕೆರೆದದ್ದನ್ನೂ ಒಂದೇ ಬಾಟಲಿಗೆ ಹಾಕಿ, ಕರಗಿಸಿ, ಸೋಸಿ, ಅರಿಶಿನ ಬೇರೆ ಬೆವರು ಬೇರೆ ಮಾಡಿ ರೇವಮ್ಮ ತನ್ನ ಪುಡಿ ತೆಗೆದಳು. ಮರಳಿ ಊರಿಗೆ ಬಂದಾಗ ದೀಪ ಹತ್ತಿದ ಸುದ್ದಿ ತಂದಿದ್ದಳು.

"ಎಷ್ಟು ದೊಡ್ಡದು?"

"ಜೋಳದ ಕಾಳಷ್ಟಪ್ಪ."

ದೇವಿಂದ್ರಪ್ಪ ಬರಿದಾದ ಹಣೆ ಸವರಿಕೊಂಡ. "ಆ ಕಾಳು ಯಾರ ಹಣೀದವ್ವಾ?"

ಮೂರು ಸಲ ಅಳೆಯದೆ ಒಂದು ಮಾತೂ ಆಡದ ರೇವಮ್ಮ ಅವತ್ತು ಏನನ್ನೂ ಅಳೆಯಲಿಲ್ಲ.

"ನಿಂದಪ್ಪ," ಎಂದಳು.