ಹನ್ನೊಂದನೇ ಪೀಪಾಯಿಯ ಕೆನೆ

ಕಮೀಲ್ ಏಳು ತಿಂಗಳಿಗೇ ಹುಟ್ಟಿದವನು. ಅವನ ಉಳಿದ ಬದುಕನ್ನೆಲ್ಲ ಊರಿನವರು ಈ ಒಂದು ಸಂಗತಿಯ ಮೇಲೆಯೇ ಹೊರಿಸಿಬಿಟ್ಟಿದ್ದರು. ಹರೆಯದಲ್ಲಿ ಸೈಕಲ್ ರೇಸಿಗೆ ಇಳಿದರೆ ಎಲ್ಲರಿಗಿಂತ ಮೊದಲೇ ಮುನ್ನುಗ್ಗುತ್ತಿದ್ದ. ಕೊನೆಯ ಸುತ್ತಿನ ಹೊತ್ತಿಗೆ ಏದುಸಿರು ಬಿಡುತ್ತ ರಸ್ತೆಯ ಬದಿಗೆ ಸರಿಯುತ್ತಿದ್ದ, ಇಡೀ ಗುಂಪು ಅವನನ್ನು ದಾಟಿ ಹೋಗುತ್ತಿತ್ತು. ಆರು ವರ್ಷ ಹೀಗೆ ಸೋತರೂ ಒಮ್ಮೆ ತಡೆದು ನೋಡೋಣ ಎಂದು ಅವನಿಗೆ ಅನ್ನಿಸಲಿಲ್ಲ. ಮದುವೆಯಾಗುತ್ತೀಯಾ ಎಂದು ಇರ್ಮಾಳನ್ನು ಕೇಳುವಾಗ ಅವಳ ಹೆಸರನ್ನೂ ನೆಟ್ಟಗೆ ಕೇಳಿಸಿಕೊಂಡಿರಲಿಲ್ಲ, ಎರ್ನಾ ಎಂದು ಕರೆದ. ಅವಳು ಮೊದಲು ಹೆಸರು ತಿದ್ದಿದಳು, ಆಮೇಲೆ ಒಪ್ಪಿದಳು. ಊರು ಅವನಿಗೆ ‘ಮುಂಚೆ ಕಮೀಲ್’ ಎಂದು ಹೆಸರಿಟ್ಟಿತು.

ಇಂಥವನಿಗೆ ಸಿಕ್ಕಿದ್ದು ಕಾಯುವ ಕೆಲಸ. ಮಾಂಡೆಲ್ ಹೊಳೆಯ ದಂಡೆಯ ಬಿಯರ್ ಭಟ್ಟಿಯಲ್ಲಿ ಕೆಂಪು ಬಿಯರನ್ನು ಓಕ್ ಮರದ ಪೀಪಾಯಿಗಳಿಗೆ ತುಂಬಿ, ಎರಡು ವರ್ಷ ತಾನಾಗಿ ಹುಳಿಯೇರಲು ಬಿಡುತ್ತಾರೆ. ಕೆಲವು ಪೀಪಾಯಿಗಳು ಮನೆಯೆತ್ತರ, ಕೆಲವು ಆಳೆತ್ತರ. ಅವುಗಳ ನಡುವೆ ಸುತ್ತುತ್ತ, ಹಲಗೆಗಳ ಸಂದಿನಲ್ಲಿ ಎಲ್ಲಾದರೂ ಜಿನುಗಿದರೆ ಮೇಣ ತುಂಬುವುದು ಕಮೀಲನ ಪಾಲಿನದು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮನುಷ್ಯನಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ನಲವತ್ತು ವರ್ಷದಲ್ಲಿ ಒಂದು ಚೊಂಬು ಬಿಯರೂ ನೆಲದ ಪಾಲಾಗಲಿಲ್ಲ.

ಅವನು ಹಲ್ಲು ಕಚ್ಚಿ ಪಾಲಿಸಬೇಕಾದ ನಿಯಮ ಒಂದೇ: ಮೇಲಿನ ಬಿರಡೆ ತೆಗೆಯಬಾರದು. ಒಳಗೆ ಬಿಯರಿನ ಮೇಲೆ, ಹಾಲಿನ ಮೇಲೆ ಕಟ್ಟುವ ಹಾಗೆ, ತೆಳ್ಳನೆಯ ಕೆನೆ ಕಟ್ಟಿರುತ್ತದೆ. ಅದು ಗಾಳಿಯನ್ನು ತಡೆದು ನಿಂತಿರುವವರೆಗೆ ಹುಳಿ ಹದವಾಗಿ ಏರುತ್ತದೆ. ಕೆನೆ ಮತ್ತೆ ಮತ್ತೆ ಒಡೆದರೆ ಒಳಗಿರುವುದು ಬಿಯರಲ್ಲ, ವಿನೆಗರ್.

ಆ ಭಟ್ಟಿಯಲ್ಲಿ ಒಂದು ಪದ್ಧತಿಯಿದೆ. ಪೀಪಾಯಿ ಕಾಯುವವನು ನಿವೃತ್ತನಾಗುವುದಕ್ಕೆ ಎರಡು ವರ್ಷ ಮೊದಲು ಒಂದು ಚಿಕ್ಕ ಪೀಪಾಯಿಯನ್ನು ಅವನಿಗೇ ಬಿಟ್ಟುಕೊಟ್ಟು, ಅದರ ಮೇಲೆ ಸೀಮೆಸುಣ್ಣದಲ್ಲಿ ಅವನ ಹೆಸರು ಬರೆಯುತ್ತಾರೆ. ಕೊನೆಗೆ ರುಚಿ ನೋಡುವವರೆಗೆ ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ. ಬೀಳ್ಕೊಡುಗೆಯ ದಿನ ಊರೆಲ್ಲ ಅದೊಂದನ್ನೇ ಕುಡಿಯಬೇಕು, ಇನ್ನೊಂದು ಪೀಪಾಯಿಯ ಹನಿಯೂ ಸೇರಬಾರದು. ಬಿಯರು ಊರಿಗೆ ಒಪ್ಪಿಗೆಯಾದರೆ ಕಾದ ಕಬ್ಬಿಣದಿಂದ ಆ ಹೆಸರನ್ನು ಮರದಲ್ಲೇ ಸುಟ್ಟು ಬರೆಯುತ್ತಾರೆ. ಮೂರನೇ ಪೀಪಾಯಿಯ ಮೇಲೆ ಕಮೀಲನ ಅಪ್ಪನ ಹೆಸರು ಹಾಗೆ ಕಪ್ಪಗೆ ಕೂತಿದೆ. ಅದೇ ಸಾಲಿನಲ್ಲಿ ತನ್ನದೂ ಇರಬೇಕೆಂಬುದು ಅವನ ನಲವತ್ತು ವರ್ಷದ ಆಸೆ. ತೊಂಬತ್ತಾರರ ಜೂನಿನಲ್ಲಿ ಹನ್ನೊಂದನೇ ಪೀಪಾಯಿಯ ಮೇಲೆ ಸೀಮೆಸುಣ್ಣದ ಹೆಸರು ಬಿತ್ತು.

ಎಂಟು ತಿಂಗಳು ತಡೆದ. ಆಮೇಲೆ ಒಂದು ಮಂಗಳವಾರ ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಏಣಿ ಹತ್ತಿ, ಬಿರಡೆ ತೆಗೆದು, ಉದ್ದ ಹಿಡಿಯ ಸೌಟು ಇಳಿಬಿಟ್ಟು ಒಂದು ಗುಟುಕು ತೆಗೆದ. ಇನ್ನೂ ಎಳಸು, ಆದರೆ ಹುಳಿ ಸರಿಯಾದ ದಾರಿ ಹಿಡಿದಿತ್ತು. ಅಷ್ಟಕ್ಕೆ ಸುಮ್ಮನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮುಂದಿನ ಮಂಗಳವಾರವೂ ಹತ್ತಿದ, ಅದರ ಮುಂದಿನದೂ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಕಮೀಲನ ವಿಷಯದಲ್ಲಿ ಸಿಟ್ಟು ಬರುವುದು ಇಲ್ಲೇ: ಬುದ್ಧಿಗೆ ಅವನಲ್ಲಿ ಕೊರತೆಯಿರಲಿಲ್ಲ. ಕೆನೆ ಒಡೆದರೆ ಏನಾಗುತ್ತದೆಂದು ಅವನಷ್ಟು ಬಲ್ಲವರು ಊರಲ್ಲೇ ಇರಲಿಲ್ಲ. ಬಲ್ಲವನೇ ವಾರವಾರ ಏಣಿ ಹತ್ತಿದ.

ತೊಂಬತ್ತೆಂಟರ ಮೇ ತಿಂಗಳಲ್ಲಿ, ಸೌಟು ಬಾಯಿಗೆ ಬರುವ ಮೊದಲೇ ಮೂಗಿಗೆ ಗೊತ್ತಾಯಿತು. ಘಾಟು ನೆತ್ತಿಗೇರಿತು. ಬಿರಡೆ ಮುಚ್ಚಿ ಇಳಿದವನಿಗೆ ಅಂದಿನಿಂದ ಒಂದು ಕಡೆ ಕಾಲು ನಿಲ್ಲಲಿಲ್ಲ. ಮನೆಯಲ್ಲಿ ಸರಿಯಿದ್ದ ಗೇಟನ್ನು ಮೂರು ಸಲ ಬಿಚ್ಚಿ ಕಟ್ಟಿದ. ಇರ್ಮಾ ಕೇಳದೆಯೇ ಬುಟ್ಟಿಗಟ್ಟಲೆ ಆಲೂಗಡ್ಡೆ ಸುಲಿದಿಟ್ಟ. ಬೆಳಿಗ್ಗೆ ಬ್ರೆಡ್ಡು ತಂದವನು ಮಧ್ಯಾಹ್ನ ಮತ್ತೆ ಬ್ರೆಡ್ಡಿಗೆ ಹೋದ. “ನಿಮ್ಮನೇಲಿ ಇರೋದು ಇಬ್ಬರಲ್ವೇನೋ? ಕುದುರೆ ಗಿದುರೆ ಸಾಕಿದ್ದೀಯಾ?” ಎಂದು ಬೇಕರಿಯ ವಾಲೇರ್ ಕೇಳಿದ. ಉಳಿದ ದಿನಗಳಲ್ಲಾದರೆ ಕಮೀಲ್ ಒಂದಕ್ಕೆ ಎರಡು ತಿರುಗಿಸಿ ಕೊಡುತ್ತಿದ್ದ. ಅವತ್ತು ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೊರಟ. ಇದೆಲ್ಲ ಕೆಲಸ ಬಿಡುವ ಸಂಕಟ ಎಂದುಕೊಂಡ ಇರ್ಮಾ ಅವನನ್ನು ಅವನ ಪಾಡಿಗೆ ಬಿಟ್ಟಳು.

ಬೀಳ್ಕೊಡುಗೆಗೆ ಎರಡು ವಾರ ಇದೆಯೆನ್ನುವಾಗ ಆ ಪೀಪಾಯಿಯ ರುಚಿ ನೋಡುವುದು ಬಿಯರ್ ಬೆರೆಸುವವರ ಕೆಲಸ. ಹಳೆಯದನ್ನೂ ಹೊಸದನ್ನೂ ಬೆರೆಸಿ ಹದ ಕೂಡಿಸುತ್ತಿದ್ದವಳು ಗ್ರೀಟ್, ಮೂವತ್ತೈದರ ಹೆಂಗಸು, ಮಾತು ಕಡಿಮೆ. ಮುಂಭಾಗದ ಬೆಣೆ ಕಿತ್ತು, ಗ್ಲಾಸಿಗೆ ಬಿಟ್ಟು, ಬಾಯಿಗೆ ಹಾಕಿದವಳೇ ಮೋರಿಗೆ ಉಗುಳಿದಳು.

“ಕೆನೆ ಒಡೆದಿದೆ” ಎಂದಳು. “ಒಂದು ಸಲ ಅಲ್ಲ.”

ಮೇಲಿನ ಹಲಗೆ ಬಿರುಕು ಬಿಟ್ಟಿರಬೇಕೆಂದು ಕಮೀಲ್ ಏನೋ ತೊದಲಿದ.

“ನನ್ನ ಹತ್ರ ಬೇಡ ಕಮೀಲ್. ಏಣಿ ಕಾಲು ಊರಿ ಊರಿ ನೆಲ ಗುಳಿ ಬಿದ್ದಿರೋದು ಹನ್ನೊಂದರ ಮುಂದೆ ಮಾತ್ರ. ಯಾಕೆ ಹೀಗೆ ಮಾಡಿದ್ರಿ?”

ಕಮೀಲ್ ಕೈಯಲ್ಲಿದ್ದ ಮೇಣದುಂಡೆಯನ್ನು ಹಿಸುಕುತ್ತ ನಿಂತ. “ಅಪ್ಪ ಅವನ ಬಿಯರ್ ಕುಡೀಲೇ ಇಲ್ಲ ಹುಡುಗಿ. ಇನ್ನು ಮೂರು ವಾರ ಅನ್ನೋವಾಗ ಹೋಗಿಬಿಟ್ಟ. ಮಣ್ಣು ಮಾಡಿ ಬಂದು ನಾವೆಲ್ಲ ಕುಡಿದ್ವಿ. ನಂಗೂ ಅಷ್ಟೇ, ಪ್ರತಿ ವಾರ ಅದೇ ಯೋಚನೆ. ಮುಂದಿನ ವಾರ ಇರ್ತೀನೋ ಇಲ್ವೋ, ಇವತ್ತೊಂದು ಗುಟುಕು ನೋಡಿಬಿಡೋಣ ಅಂತ.”

ಗ್ರೀಟ್ ಬೈಯಲಿಲ್ಲ. ಎಳೆಯ ಬಿಯರು ಎಂಟು ಪಾಲು, ಆರನೇ ಪೀಪಾಯಿಯ ಹಳತು ಒಂದು ಪಾಲು, ಹನ್ನೊಂದರದ್ದು ಒಂದು ಪಾಲು ಅಳೆದು ಬೆರೆಸಿ ತಾನೇ ಕುಡಿದು ನೋಡಿದಳು, ತಲೆಯಾಡಿಸಿದಳು. ಇದನ್ನೇ ಊರಿಗೆ ಹಂಚಬಹುದು, ನಾಲಿಗೆಯಿಂದ ಯಾರಿಗೂ ಗೊತ್ತಾಗುವುದಿಲ್ಲ, ತಾನು ಬಾಯಿ ಬಿಡುವುದಿಲ್ಲ ಎಂದಳು. ಹೆಸರನ್ನೂ ಸುಟ್ಟು ಬರೆಯುತ್ತಾರೆ. ಊರಿಗೆ ನಿಜ ಹೇಳುವುದಾದರೆ ಅದೂ ಅವನಿಗೇ ಬಿಟ್ಟದ್ದು.

ಆ ಎರಡು ವಾರ ಕಮೀಲನಿಗೆ ಬಾಯಲ್ಲಿ ಬಿಸಿ ತುಪ್ಪ. ಹೇಳಿದರೆ ನಲವತ್ತು ವರ್ಷದ ಆಸೆ ಹೋಯಿತು, ಹೇಳದಿದ್ದರೆ ಅಪ್ಪನ ಸಾಲಿನಲ್ಲಿ ಒಂದು ಸುಳ್ಳು ಹೆಸರು ಕೂತಿತು. ಮೂರನೇ ಪೀಪಾಯಿಯಿಂದ ಹನ್ನೊಂದನೆಯದಕ್ಕೆ, ಹನ್ನೊಂದರಿಂದ ಮೂರಕ್ಕೆ ದಿನವಿಡೀ ನಡೆದ. ಒಂದು ದಿನ ಬಾಯಿ ಮುಚ್ಚಿಕೊಂಡಿರುವುದೇ ಸರಿ ಎನ್ನಿಸಿತು. ಮರುದಿನ ಅಪ್ಪನ ಹೆಸರಿನ ಕಡೆ ನೋಡಲು ನಾಚಿಕೆಯಾಗಿ ಇನ್ನೊಂದು ದಾರಿಯಿಂದ ಸುತ್ತಿಕೊಂಡು ಹೋದ.

ಜೂನಿನ ಕೊನೆಯ ಶನಿವಾರ ಭಟ್ಟಿಯ ಅಂಗಳದಲ್ಲಿ ಮೇಜು ಹಾಕಿದ್ದರು. ಚೀಸು, ಸಾಸಿವೆ, ಉಪ್ಪಿನ ಸೀಗಡಿ. ಪ್ರತಿಯೊಬ್ಬರ ಕೈಯಲ್ಲೂ ತುಂಬಿದ ಗ್ಲಾಸು. ಧಣಿಯ ಭಾಷಣ ಮುಗಿಯುವವರೆಗೆ ಯಾರೂ ತುಟಿಗೆ ತಾಗಿಸುವ ಹಾಗಿಲ್ಲ. ಧಣಿ ಎರಡನೇ ವಾಕ್ಯದಲ್ಲಿದ್ದಾಗಲೇ ಕಮೀಲ್ ಒಂದು ಬಾಟಲಿ ಪೆಟ್ಟಿಗೆಯ ಮೇಲೆ ಹತ್ತಿ ನಿಂತ.

“ಇದು ನನ್ನ ಬಿಯರಲ್ಲ” ಎಂದ. “ಹತ್ತರಲ್ಲಿ ಒಂದು ಪಾಲು ನಂದು, ಅದೂ ಕೆಟ್ಟಿದ್ದು. ನಾನೇ ಬಿರಡೆ ತೆಗೆದೂ ತೆಗೆದೂ ಕೆಡಿಸಿದೆ. ಮಿಕ್ಕಿದ್ದು ಗ್ರೀಟ್‌ದು. ಕಬ್ಬಿಣ ಕಾಯಿಸಬೇಡಿ.”

ಇರ್ಮಾಳ ಮುಖ ಕೆಂಪೇರಿತು. ಧಣಿಯ ಕೈಯಲ್ಲಿ ಭಾಷಣದ ಚೀಟಿ ಹಾಗೇ ಉಳಿಯಿತು. ಕೊನೆಗೆ ಬಾಯಿಬಿಟ್ಟವನು ವಾಲೇರ್: “ಹುಟ್ಟಿದ್ದೂ ಮುಂಚೆ, ತಪ್ಪು ಒಪ್ಪಿಕೊಂಡಿದ್ದೂ ಮುಂಚೆ. ಕುಡಿಯೋಕಾದ್ರೂ ಬಿಡೋ ಮಾರಾಯ.”

ನಗು ಎದ್ದಿತು, ಗ್ಲಾಸುಗಳೂ ಎದ್ದವು. ಮೊದಲ ಗುಟುಕಿಗೆ ಎಲ್ಲರೂ ಮುಖ ಕಿವುಚಿದರು. ಎರಡನೆಯದಕ್ಕೆ ಹುಳಿಯ ಹಿಂದಿನಿಂದ ಚೆರ್ರಿಯ ಸಿಹಿ, ಅದರ ಹಿಂದೆ ಹಳೆಯ ಮರದ ಒಗರು ಒಂದೊಂದಾಗಿ ನಾಲಿಗೆಗೆ ಸಿಕ್ಕವು. ಮೂರನೆಯದನ್ನು ಜನ ಚಪ್ಪರಿಸಿ ಕುಡಿದರು. ವಾಲೇರ್ ಇನ್ನೊಂದು ಗ್ಲಾಸು ಹಿಡಿದು ಗ್ರೀಟ್ ಇದ್ದ ಕಡೆ ಹೋದ. ಕಬ್ಬಿಣ ಮಾತ್ರ ಒಲೆಗೆ ಬೀಳಲಿಲ್ಲ. ನಿಯಮವೆಂದರೆ ನಿಯಮ, ಅದನ್ನು ಯಾರೂ ಎತ್ತಿ ಆಡಲೂ ಇಲ್ಲ.

ಕಮೀಲ್ ಗೋಡೆಯ ಹತ್ತಿರ ಬರಿಗೈಯಲ್ಲಿ ನಿಂತು ಕಾಲು ಬದಲಿಸುತ್ತಿದ್ದ. ಇರ್ಮಾ ತನ್ನ ಗ್ಲಾಸು ಹಿಡಿದು ಬಂದಳು. ಜಗಳಕ್ಕೇ ಬಂದಳೆಂದು ಅವನು ತಲೆ ತಗ್ಗಿಸಿದ.

“ನಿಮ್ಮಪ್ಪನ ಬಿಯರೂ ಹೀಗೇ ಇತ್ತಾ?” ಎಂದು ಕೇಳಿದಳು.

“ಗೊತ್ತಿಲ್ಲ ಇರ್ಮಾ. ಅವತ್ತು ಅಳು ಬರ್ತಿತ್ತು. ಎಲ್ರ ಮುಂದೆ ಅತ್ತುಬಿಡ್ತೀನಿ ಅಂತ ಒಂದೇ ಸಲಕ್ಕೆ ಎತ್ತಿ ಸುರ್ಕೊಂಡುಬಿಟ್ಟೆ. ರುಚಿ ಏನೂ ತಿಳೀಲಿಲ್ಲ.”

ನಲವತ್ತೆರಡು ವರ್ಷ ಜೊತೆಗಿದ್ದೂ ಇರ್ಮಾಗೆ ಇದು ಗೊತ್ತಿರಲಿಲ್ಲ. ಅವಳು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು, ಅವನ ತೋಳು ಹಿಡಿದು ಪಕ್ಕಕ್ಕೆ ಕೂರಿಸಿ, ಗ್ಲಾಸನ್ನು ಅವನ ಕೈಗಿಟ್ಟಳು. ಕಮೀಲ್ ಒಂದು ಗುಟುಕು ತೆಗೆದು ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದ. ಮುಚ್ಚಿದ ರೆಪ್ಪೆಯ ಸಂದಿನಿಂದ ನೀರು ಇಳಿಯಿತು, ಅವನು ಒರೆಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಧಣಿ ಕೈಕುಲುಕಲೆಂದು ಬಂದು ಎದುರಿಗೆ ನಿಂತರು.

“ಸ್ವಲ್ಪ ಕಾಯ್ಬೇಕು ಧಣಿಗಳು” ಎಂದಳು ಇರ್ಮಾ. “ಅವನಿನ್ನೂ ನುಂಗಿಲ್ಲ.”